ಸೂಪರ್‌ಚಾರ್ಜರ್ ಸದ್ದು: ಯಾವುದು ಸಹಜ, ಯಾವುದು ಅಪಾಯ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕಾರಿನ ಬಾನೆಟ್ ಎತ್ತಿದ್ದಾರೆ, ಎಂಜಿನ್ ಮೇಲೆ ಹೊಳೆಯುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಸೈರನ್‌ನಂತೆ ಏರುವ 'ವೀಂಯ್ಯ್' ಸದ್ದು. ಇಂಥ ರೀಲ್ಸ್ ನಿಮ್ಮ ಫೋನಿಗೂ ಬಂದಿರಬಹುದು. ಕೆಳಗೆ ಎರಡು ಬಗೆಯ ಬರಹ ಇರುತ್ತದೆ. ಒಂದು, 'ಸದ್ದು ಹೆಚ್ಚಿದಷ್ಟೂ ಪವರ್ ಹೆಚ್ಚು'. ಇನ್ನೊಂದು, 'ಈ ಸದ್ದು ಬಂದರೆ ಎಂಜಿನ್ ಮುಗಿಯಿತು ಎಂದರ್ಥ'. ಎರಡೂ ಪೂರ್ತಿ ನಿಜವಲ್ಲ. ಸೂಪರ್‌ಚಾರ್ಜರ್ ಸದ್ದು ಮಾಡುವ ಯಂತ್ರವೇ. ಆದರೆ ಅದರ ಕೆಲವು ಸದ್ದುಗಳು ಮಾತ್ರ ನಿಜವಾದ ಎಚ್ಚರಿಕೆ. ಅವುಗಳನ್ನು ಕಡೆಗಣಿಸಿದರೆ ಕೆಲವು ಸಾವಿರದಲ್ಲಿ ಮುಗಿಯಬೇಕಿದ್ದ ರಿಪೇರಿ ಇಡೀ ಎಂಜಿನ್ನಿಗೇ ಬರಬಹುದು.

ಸೂಪರ್‌ಚಾರ್ಜರ್ ಅಂದರೆ ಟೆಸ್ಲಾ ಕಾರಿನ ಚಾರ್ಜಿಂಗ್ ಸ್ಟೇಷನ್ ಅಲ್ಲವೇ ಎಂದು ಕೇಳುವವರಿದ್ದಾರೆ. ಹೆಸರು ಒಂದೇ, ವಸ್ತು ಬೇರೆ. ನಾವಿಲ್ಲಿ ಹೇಳುತ್ತಿರುವುದು ಪೆಟ್ರೋಲ್ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪಿನ ಬಗ್ಗೆ. ಗಾಳಿ ಹೆಚ್ಚು ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಟರ್ಬೊ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದನ್ನು ತಿರುಗಿಸುವುದು ಹೊಗೆಯ ಒತ್ತಡ. ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತದೆ. ನಮ್ಮ ರಸ್ತೆಯ ಸಣ್ಣ ಡೀಸೆಲ್ ಕಾರುಗಳಲ್ಲಿ ಕೇಳುವ ತೆಳು ಶಿಳ್ಳೆ ಟರ್ಬೊದ್ದು.

ಈ ಪಂಪಿನ ಮೂಲ ಕಾರಿನದ್ದೇ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸಹೋದರರು 1860ರಲ್ಲಿ ಗಾಳಿ ಊದುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆಗ ಅದು ಕುಲುಮೆಗಳಿಗೆ ಗಾಳಿ ಊದಲು ಬಳಕೆಯಾಯಿತು. ಮರ್ಸಿಡಿಸ್ 1921ರಲ್ಲಿ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಮಾರಾಟಕ್ಕೆಂದು ತೋರಿಸಿತು. ಕಾರು ಕೊಂಡ ಮೇಲೆ ಹೊರಗಿನಿಂದ ತಂದು ಕೂರಿಸುವ ಕಿಟ್‌ಗಳ ದೊಡ್ಡ ಮಾರುಕಟ್ಟೆ ಇಂದಿಗೂ ಅಮೆರಿಕವೇ. ಅಲ್ಲಿ ಮಸ್ಟ್ಯಾಂಗ್, ಕಮಾರೊ, ಪಿಕಪ್ ಟ್ರಕ್‌ಗಳಿಗೆ ಇದನ್ನು ಹಾಕಿಸುವುದು ಒಂದು ಹವ್ಯಾಸ. ಹಾಗಾಗಿ ವಿಡಿಯೊಗಳೂ, ದೂರುಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಹಾಗಾದರೆ ಸಹಜವಾದ ಸದ್ದು ಯಾವುದು?

ಸೂಪರ್‌ಚಾರ್ಜರಿನಲ್ಲಿ ಮುಖ್ಯವಾಗಿ ಮೂರು ಬಗೆ. ರೂಟ್ಸ್ ಮತ್ತು ಟ್ವಿನ್‌ಸ್ಕ್ರೂ ಬಗೆಗಳಲ್ಲಿ ಎರಡು ರೋಟರ್‌ಗಳು ಅಕ್ಕಪಕ್ಕದಲ್ಲಿ ಎದುರುಬದುರಾಗಿ ತಿರುಗುತ್ತವೆ. ಅವು ಒಂದಕ್ಕೊಂದು ತಾಗುವುದಿಲ್ಲ. ಕೂದಲೆಳೆಯಷ್ಟು ಅಂತರ ಇರುತ್ತದೆ, ಅದನ್ನು ಕಾಯುವುದು ಒಂದು ಜೊತೆ ಗೇರ್. ಮೂರನೆಯದು ಸೆಂಟ್ರಿಫ್ಯೂಗಲ್. ನೋಡಲು ಟರ್ಬೊದ ಬಸವನಹುಳುವಿನ ಆಕಾರ, ಒಳಗೆ ಒಂದೇ ಫ್ಯಾನ್, ವೇಗ ಮಾತ್ರ ವಿಪರೀತ.

ಒಂದು ಸಣ್ಣ ಲೆಕ್ಕ ನೋಡಿ. ಮೂರು ಎಸಳಿನ ಎರಡು ರೋಟರ್ ಇರುವ ರೂಟ್ಸ್ ಬಗೆ ಒಂದು ಸುತ್ತಿಗೆ ಆರು ಬಾರಿ ಗಾಳಿಯನ್ನು ದೂಡುತ್ತದೆ. ಬೆಲ್ಟಿನ ಅನುಪಾತ ಎರಡು ಎಂದುಕೊಳ್ಳಿ. ಎಂಜಿನ್ 750 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದ್ದಾಗ ರೋಟರ್ ಸೆಕೆಂಡಿಗೆ 25 ಸುತ್ತು ತಿರುಗಿ 150 ಹರ್ಟ್ಸ್‌ನ ಗುಂಯ್‌ಗುಡುವಿಕೆ ಬರುತ್ತದೆ. 3,000 ಆರ್‌ಪಿಎಂಗೆ ಏರಿಸಿದರೆ ಅದೇ 600 ಹರ್ಟ್ಸ್ ಆಗುತ್ತದೆ. ಎಂಜಿನ್ ವೇಗದ ಜೊತೆ ನಯವಾಗಿ ಏರಿ, ನಯವಾಗಿ ಇಳಿಯುವ ಈ ರಾಗ ಯಂತ್ರದ ಹುಟ್ಟುಗುಣ. ಅದರಿಂದ ಪವರ್ ಎಷ್ಟೆಂದು ಅಳೆಯಲಾಗದು. ಹೊಸ ಮಾದರಿಗಳಲ್ಲಿ ನಾಲ್ಕು ಎಸಳುಗಳನ್ನು ಹೆಚ್ಚು ತಿರುಚಿ ಇಟ್ಟು ಸದ್ದನ್ನು ಎಷ್ಟೋ ತಗ್ಗಿಸಿದ್ದಾರೆ, ಗಾಳಿ ದೂಡುವ ಸಾಮರ್ಥ್ಯ ತಗ್ಗಿಲ್ಲ.

ಸೆಂಟ್ರಿಫ್ಯೂಗಲ್‌ನ ಕಥೆ ಬೇರೆ. ಅದರ ಒಳಗಿನ ಗೇರ್ ಪೆಟ್ಟಿಗೆಯೇ ವೇಗವನ್ನು ಮತ್ತೆ ಮೂರು, ಮೂರೂವರೆ ಪಟ್ಟು ಏರಿಸುತ್ತದೆ. ಫ್ಯಾನ್ ನಿಮಿಷಕ್ಕೆ 40,000 ಸುತ್ತು ದಾಟುವುದು ಮಾಮೂಲು. ಗೇರಿನ ಹಲ್ಲುಗಳು ನೇರವಾಗಿದ್ದರೆ ಜೋರಾದ ಕೂಗು, ಓರೆ ಹಲ್ಲಾದರೆ ಮೆತ್ತಗೆ. ನೇರ ಹಲ್ಲಿನ ಕೆಲವು ಮಾದರಿಗಳು ಐಡ್ಲಿಂಗ್‌ನಲ್ಲಿ ಸ್ವಲ್ಪ ಗಲಗಲ ಅನ್ನುವುದೂ ಸಹಜವೇ. ಎಂಜಿನ್ನಿನ ತಿರುಗುವಿಕೆ ಐಡ್ಲಿಂಗ್‌ನಲ್ಲಿ ಸಮನಾಗಿರುವುದಿಲ್ಲ, ಪ್ರತಿ ಉರಿತಕ್ಕೂ ಒಂದು ತಳ್ಳು. ಆ ತಳ್ಳಾಟದಲ್ಲಿ ಗೇರ್ ಹಲ್ಲುಗಳು ಮುಂದಕ್ಕೂ ಹಿಂದಕ್ಕೂ ಬಡಿಯುತ್ತವೆ. ವೇಗ ಏರಿ ಭಾರ ಬಿದ್ದ ಕೂಡಲೇ ಹಲ್ಲಿಗೆ ಹಲ್ಲು ಒತ್ತಿಕೊಂಡು ಸದ್ದು ಅಡಗುತ್ತದೆ.

ಡಬ್ಬಿಯಲ್ಲಿ ಗೋಲಿ ಆಡಿಸಿದಂತೆ ಸದ್ದು ಬಂದರೆ?

ಹೆಚ್ಚು ಗೊಂದಲ ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಈಟನ್ ಕಂಪನಿಯ ಎಂ90 ಎಂಬ ಸೂಪರ್‌ಚಾರ್ಜರ್ ಜನರಲ್ ಮೋಟಾರ್ಸ್‌ನ 3.8 ಲೀಟರ್ ವಿ6 ಎಂಜಿನ್ನಿನ ಮೇಲೆ ಲಕ್ಷಗಟ್ಟಲೆ ಕಾರುಗಳಲ್ಲಿ ಬಂತು. ಹಳೆಯ ಕಾರುಗಳಿಂದ ಬಿಚ್ಚಿ ಬೇರೆ ಕಾರುಗಳಿಗೆ ಕೂರಿಸುವವರೂ ಬಹಳ. ಅದರ ಮುಂಭಾಗದ ಮೂತಿಯಲ್ಲಿ, ಪುಲ್ಲಿಯ ದಂಡಕ್ಕೂ ಗೇರಿಗೂ ನಡುವೆ, ಒಂದು ಪ್ಲಾಸ್ಟಿಕ್ ಕಪ್ಲರ್ ಇರುತ್ತದೆ. ಎರಡೂ ಕಡೆಯ ಪಿನ್ನುಗಳು ಅದರ ತೂತುಗಳಲ್ಲಿ ಕೂರುತ್ತವೆ. ಕಾಲ ಕಳೆದಂತೆ ಗುಂಡಗಿದ್ದ ತೂತು ಸವೆದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಆಗ ಐಡ್ಲಿಂಗ್‌ನಲ್ಲಿ ಕಟಕಟ, ಗಲಗಲ ಶುರು. ಕೇಳಿದವರು ಪೆಟ್ರೋಲ್ ಕಾರೋ ಡೀಸೆಲ್ ಕಾರೋ ಎಂದು ಅನುಮಾನಪಡುವಷ್ಟು.

ಎಂಜಿನ್ ಬೇರಿಂಗ್ ಹೋಯಿತು ಎಂದು ಹೆದರಿ ಕಾರನ್ನೇ ಮಾರಿದವರಿದ್ದಾರೆ. ನಿಜಕ್ಕೂ ಬೇಕಿದ್ದದ್ದು ಅಂಗೈಯಲ್ಲಿ ಹಿಡಿಸುವ ಒಂದು ಕಪ್ಲರ್ ಮತ್ತು ಹೊಸ ಆಯಿಲ್. ಹಾಗೆಂದು ತಿಂಗಳುಗಟ್ಟಲೆ ಬಿಡುವಂತಿಲ್ಲ. ಸವೆದ ಕಪ್ಲರ್ ಬಡಿದು ಬಡಿದು ಪಿನ್ನುಗಳನ್ನೂ ಮೂತಿಯ ಬೇರಿಂಗನ್ನೂ ಹಾಳುಮಾಡುತ್ತದೆ. ಇದೇ ಬಗೆಯ ಸವೆತ ಜಾಗ್ವಾರ್, ರೇಂಜ್ ರೋವರ್‌ಗಳ ಸೂಪರ್‌ಚಾರ್ಜ್ಡ್ ಎಂಜಿನ್‌ಗಳಲ್ಲೂ ಕಾಣಿಸುತ್ತದೆ. ಅವು ಭಾರತದಲ್ಲಿಯೂ ಓಡುತ್ತಿರುವ ಕಾರುಗಳು.

ಕಪ್ಲರ್ ಸದ್ದೋ ಬೇರಿಂಗ್ ಸದ್ದೋ ಎಂದು ತಿಳಿಯಲು ಆಕ್ಸಿಲರೇಟರ್ ಸ್ವಲ್ಪ ಒತ್ತಿ 1,500–2,000 ಆರ್‌ಪಿಎಂನಲ್ಲಿ ನಿಲ್ಲಿಸಿ. ಸದ್ದು ಮಾಯವಾದರೆ ಕಪ್ಲರ್ ಅಥವಾ ಗೇರಿನ ಸಡಿಲ. ವೇಗದ ಜೊತೆಗೇ ಸದ್ದೂ ಹೆಚ್ಚುತ್ತ, ಒರಟಾಗುತ್ತ, ಗಿರಣಿಯ ಕಲ್ಲು ತಿರುಗಿದಂತೆ ಕೇಳಿದರೆ ಬೇರಿಂಗ್. ಲೋಹಕ್ಕೆ ಲೋಹ ಉಜ್ಜಿದ ಕಿರ್ರೆನ್ನುವ ಸದ್ದು ಬಂದರೆ ರೋಟರ್‌ಗಳೇ ತಾಗುತ್ತಿವೆ ಅಥವಾ ಫ್ಯಾನ್ ಗೋಡೆಗೆ ಉಜ್ಜುತ್ತಿದೆ. ಆ ಕ್ಷಣವೇ ಎಂಜಿನ್ ಆಫ್ ಮಾಡಿ, ಕಾರನ್ನು ಎಳೆಸಿಕೊಂಡು ಹೋಗಿ. ಏರ್ ಫಿಲ್ಟರ್ ಇರುವುದು ಸೂಪರ್‌ಚಾರ್ಜರಿನ ಹಿಂದೆ, ಅಂದರೆ ಗಾಳಿ ಒಳಬರುವ ಕಡೆ. ಅದರಿಂದಾಚೆ ಪಿಸ್ಟನ್‌ವರೆಗೆ ತಡೆಯುವ ಜರಡಿಯಿಲ್ಲ. ಒಳಗೆ ಮುರಿದ ಲೋಹದ ಚೂರು ನೇರ ಎಂಜಿನ್ನಿನ ಹೊಟ್ಟೆಗೆ ಹೋಗಬಹುದು.

ಬೆಲ್ಟ್: ಮೊದಲು ಅನುಮಾನಿಸಬೇಕಾದದ್ದು ಇದನ್ನೇ

ನನ್ನನ್ನು ಕೇಳಿದರೆ, ಸೂಪರ್‌ಚಾರ್ಜರ್ ಬಿಚ್ಚುವ ಮಾತೆತ್ತುವ ಯಾವ ಮೆಕ್ಯಾನಿಕ್ ಆದರೂ ಮೊದಲು ಬೆಲ್ಟಿನ ಹಾದಿಯನ್ನು ನೋಡಿರಬೇಕು. ಹೊರಗಿನಿಂದ ಕೂರಿಸಿದ ಕಿಟ್‌ಗಳಲ್ಲಿ ಹೊಸ ಬ್ರಾಕೆಟ್, ಹೊಸ ಐಡ್ಲರ್ ಪುಲ್ಲಿ, ಉದ್ದದ ಬೆಲ್ಟ್ ಇರುತ್ತವೆ. ಬ್ರಾಕೆಟ್ ಒಂದು ಮಿಲಿಮೀಟರ್ ಓರೆಯಾದರೂ ಬೆಲ್ಟ್ ಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತದೆ. ಅದು ಸಡಿಲವಾಗಿದ್ದರೆ, ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ 'ಕೀಯ್ಯ್' ಎಂದು ಜಾರುತ್ತದೆ. ಬೂಸ್ಟ್ ಮೀಟರ್ ಇದ್ದರೆ ಅದೇ ಹೊತ್ತಿಗೆ ಒತ್ತಡ ಏರುವ ಬದಲು ಬೀಳುವುದು ಕಾಣುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಐಡ್ಲಿಂಗ್‌ನಲ್ಲಿ ಬೆಲ್ಟಿನ ಗೆರೆಗಳಿರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಚಿಲಿಪಿಲಿ ಕೆಲವು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೀರು ಬಿದ್ದ ಕೂಡಲೇ ಕೀಚಲು ಜೋರಾದರೆ ಬಿಗಿತ ಸಾಲದು. ನೀರು ಚಿಮುಕಿಸುವಾಗ ಕೈ, ತೋಳು, ಶಾಲು, ದುಪಟ್ಟಾ ಯಾವುದೂ ಬೆಲ್ಟಿನ ಹತ್ತಿರ ಬರಬಾರದು. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

'ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆದರೆ ಸದ್ದು ಮಾಯ' ಎಂಬ ಸಲಹೆ ಬಹಳ ಓಡಾಡುತ್ತದೆ. ಸದ್ದು ನಿಲ್ಲುವುದು ನಿಜ, ಕಾರಣ ಹಾಗೇ ಉಳಿಯುತ್ತದೆ. ಅಂಟಾದ ಬೆಲ್ಟಿಗೆ ದೂಳು ಹಿಡಿಯುತ್ತದೆ. 'ಬೆಲ್ಟ್ ಬಿರುಕು ಬಿಟ್ಟಿಲ್ಲ, ಹಾಗಾಗಿ ಚೆನ್ನಾಗಿದೆ' ಎಂಬುದೂ ಹಳೆಯ ಕಾಲದ ಮಾತು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಬಿರುಕು ಬಿಡುವುದಕ್ಕಿಂತ ಹೆಚ್ಚಾಗಿ ಟೈರಿನಂತೆ ಗೆರೆಗಳಲ್ಲಿ ಸವೆಯುತ್ತವೆ. ಕಣ್ಣಿಗೆ ಹೊಸದರಂತೆ ಕಂಡರೂ ಹಿಡಿತ ಹೋಗಿರುತ್ತದೆ.

ಹೆಚ್ಚು ಬೂಸ್ಟ್ ಬೇಕೆಂದು ಚಿಕ್ಕ ಪುಲ್ಲಿ ಹಾಕಿಸಿದವರಿಗೆ ಇನ್ನೊಂದು ಮಾತು. ಪುಲ್ಲಿ 15 ಶೇಕಡಾ ಚಿಕ್ಕದಾದರೆ ಸೂಪರ್‌ಚಾರ್ಜರಿನ ವೇಗ ಸುಮಾರು 17.6 ಶೇಕಡಾ ಏರುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ಜಾಗವೂ ಕಡಿಮೆಯಾಗುತ್ತದೆ. ಸದ್ದಿನ ಶ್ರುತಿ ಏರುವುದು, ಜಾರುವಿಕೆ ಶುರುವಾಗುವುದು ಎರಡೂ ಇದರಿಂದಲೇ ಇರಬಹುದು.

2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸೂಪರ್‌ಚಾರ್ಜರ್ ಕಂಪನಿಯದ್ದೇ, ಆದರೆ ಚಿಕ್ಕ ಪುಲ್ಲಿ ಹಾಕಿಸುವುದು ಅಲ್ಲಿ ಜನಪ್ರಿಯ. ಆ ಕಾರಿನಲ್ಲಿ ವಾಟರ್ ಪಂಪ್ ತಿರುಗುವುದು ಸೂಪರ್‌ಚಾರ್ಜರಿನ ಹಿಂಬದಿಯ ಗೇರುಗಳಿಂದ. ಆ ಗೇರುಗಳ ಆಯಿಲ್ ಬತ್ತಿದರೆ ಮೊದಲು ಗರಗರ ಸದ್ದು, ಕೊನೆಗೆ ಹಲ್ಲು ಸವೆದು ವಾಟರ್ ಪಂಪೇ ನಿಂತು ಎಂಜಿನ್ ಕುದಿಯುತ್ತದೆ. ಸದ್ದನ್ನು ಸಹಿಸಿಕೊಂಡು ಹೋದವರಿಗೆ ಬಿಲ್ ಬಂದದ್ದು ಬೇರೆಯದೇ ಭಾಗಕ್ಕೆ.

ಸುಂಯ್ ಅನ್ನುವ ಸದ್ದು, ಸುತುತುತು ಅನ್ನುವ ಸದ್ದು

ಬೂಸ್ಟ್ ಏರಿದಾಗ ಮಾತ್ರ ಸುಂಯ್ ಎಂದು ಕೇಳಿ, ಐಡ್ಲಿಂಗ್‌ನಲ್ಲಿ ಇಲ್ಲದಿದ್ದರೆ ಗಾಳಿ ಸೋರುತ್ತಿದೆ. ರಬ್ಬರ್ ಪೈಪಿನ ಕ್ಲಾಂಪ್, ಇಂಟರ್‌ಕೂಲರ್ ಜೋಡಣೆ, ಗ್ಯಾಸ್ಕೆಟ್ ನೋಡಿಸಿ. ಹೆಚ್ಚಾಗಿ ಒಂದು ಸ್ಕ್ರೂಡ್ರೈವರಿನ ಕೆಲಸ.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬರುವ 'ಸುತುತುತು' ರೀಲ್ಸ್ ಲೋಕಕ್ಕೆ ಪ್ರಿಯವಾದದ್ದು. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರಿನಲ್ಲಿ ಅದು ಕೇಳಿಸಿದರೆ ಖುಷಿಪಡಬೇಡಿ. ಥ್ರಾಟಲ್ ಮುಚ್ಚಿದಾಗ ಉಳಿದ ಒತ್ತಡವನ್ನು ಹೊರಬಿಡಬೇಕಾದ ಬೈಪಾಸ್ ವಾಲ್ವ್ ತೆರೆಯದೆ, ಗಾಳಿ ಫ್ಯಾನಿಗೇ ಹಿಂದಿರುಗಿ ಬಡಿಯುತ್ತಿದೆ ಎಂದರ್ಥ. ಪ್ರತಿ 'ತು' ಕೂಡ ಬೇರಿಂಗಿಗೆ ಬೀಳುವ ಏಟು. ವಾಲ್ವಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿದ್ದರೂ ಹೀಗಾಗುತ್ತದೆ, ಮೊದಲು ಅದನ್ನೇ ನೋಡಿ.

ಎಲ್ಲಕ್ಕಿಂತ ಅಪಾಯದ ಸದ್ದು ಸೂಪರ್‌ಚಾರ್ಜರಿನದ್ದೇ ಅಲ್ಲ

ಏರು ರಸ್ತೆಯಲ್ಲಿ, ಕಾಲು ಪೂರ್ತಿ ಒತ್ತಿದಾಗ, ಸಾಸಿವೆ ಸಿಡಿದಂತೆ ಚಟಚಟ ಲೋಹದ ಸದ್ದು. ಇದು ಸಿಲಿಂಡರಿನೊಳಗಿನ ನಾಕಿಂಗ್. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿಗೆ ತಕ್ಕ ಆಕ್ಟೇನ್ ಇಲ್ಲದ ಪೆಟ್ರೋಲ್, ಅಥವಾ ಸರಿಯಿಲ್ಲದ ಇಸಿಯು ಟ್ಯೂನಿಂಗ್ ಸೇರಿದರೆ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಬೂಸ್ಟ್ ಹೆಚ್ಚಿದ್ದಾಗ ಪಿಸ್ಟನ್ ಒಡೆಯಲು ಬಹಳ ಹೊತ್ತು ಬೇಡ. ಕಾಲು ತೆಗೆಯಿರಿ, ಮೆಲ್ಲಗೆ ಮನೆಗೆ ಬನ್ನಿ, ಟ್ಯೂನಿಂಗ್ ನೋಡಿಸುವವರೆಗೆ ಜೋರು ಓಡಿಸಬೇಡಿ.

ಪಂಪಿನ ಮೇಲಿನ ಅಂಕಿಯಲ್ಲೂ ಒಂದು ಮೋಸ ಅಡಗಿದೆ. ಅಮೆರಿಕದ ಪಂಪಿನಲ್ಲಿ ಬರೆಯುವ ಆಕ್ಟೇನ್ ಎರಡು ಅಳತೆಗಳ ಸರಾಸರಿ. ಭಾರತದಲ್ಲಿ ಹೇಳುವುದು ಆರ್‌ಒಎನ್ ಎಂಬ ಒಂದೇ ಅಳತೆ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95–96. ಕಿಟ್ಟಿನ ಪುಸ್ತಕದಲ್ಲಿ '91 ಸಾಕು' ಎಂದಿದ್ದರೆ ಇಲ್ಲಿನ 91 ಎಂದು ಓದಿಕೊಳ್ಳಬೇಡಿ.

ಮನೆಯಲ್ಲೇ ಏನು ನೋಡಬಹುದು?

ಎಂಜಿನ್ ಆಫ್ ಆಗಿ ತಣ್ಣಗಿರುವಾಗ, ಕೀ ಜೇಬಿನಲ್ಲಿಟ್ಟುಕೊಂಡು ಶುರುಮಾಡಿ. ಮೊದಲು ಆಯಿಲ್. ಈಟನ್, ಪ್ರೊಚಾರ್ಜರ್ ಬಗೆಗಳಲ್ಲಿ ಸೂಪರ್‌ಚಾರ್ಜರಿಗೆ ಅದರದ್ದೇ ಪ್ರತ್ಯೇಕ ಆಯಿಲ್ ಇರುತ್ತದೆ. ವೊರ್ಟೆಕ್‌ನ ವಿ-1, ವಿ-2 ಮಾದರಿಗಳಿಗೆ ಎಂಜಿನ್ ಆಯಿಲ್ಲೇ ಪೈಪಿನಲ್ಲಿ ಬರುತ್ತದೆ. 'ಯಾವುದೋ ಗಟ್ಟಿ ಆಯಿಲ್ ಹಾಕಿದರೆ ಸದ್ದು ತಗ್ಗುತ್ತದೆ' ಎಂಬ ಸಲಹೆ ಕೇಳಬೇಡಿ. ಅಷ್ಟು ವೇಗದ ಗೇರುಗಳಿಗೆ ತಯಾರಕರು ಹೇಳಿದ್ದನ್ನೇ ಹಾಕಬೇಕು. ಹಳೆಯ ಆಯಿಲ್ ಸ್ವಲ್ಪ ಬಿಳಿ ಬಟ್ಟೆಯ ಮೇಲೆ ಹಾಕಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಕಂಡರೆ ಲೋಹ ಸವೆಯುತ್ತಿದೆ. ಈಟನ್ ಆಯಿಲ್ ಹಳೆಯದಾದಾಗ ಗಬ್ಬು ನಾರುತ್ತದೆ, ಆದರೆ ಬರೀ ವಾಸನೆಯಿಂದ ಏನೂ ತೀರ್ಮಾನಿಸಬೇಡಿ.

ಆಮೇಲೆ ಬೆಲ್ಟ್ ತೆಗೆದು ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ನಯವಾಗಿ, ಸದ್ದಿಲ್ಲದೆ ತಿರುಗಬೇಕು. ಮರಳು ಸಿಕ್ಕಿದಂತೆ ಅನಿಸುವ ಪುಲ್ಲಿಯ ಬೇರಿಂಗ್ ಹೋಗಿದೆ. ಸೂಪರ್‌ಚಾರ್ಜರಿನ ಪುಲ್ಲಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಡಬಾರದು. ತಿರುವಿದಾಗ ತುಸು ಸಡಿಲ ಇರಬಹುದು, ಆದರೆ 'ಟಕ್' ಎಂದು ಬಡಿದರೆ ಕಪ್ಲರ್ ನೆನಪಿಸಿಕೊಳ್ಳಿ.

ಸೂಪರ್‌ಚಾರ್ಜರಿಗೆ ಪ್ರತ್ಯೇಕ ಬೆಲ್ಟ್ ಇದ್ದರೆ, ಅದನ್ನು ತೆಗೆದೇ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಕೇಳಿ. ಸದ್ದು ಹಾಗೇ ಇದ್ದರೆ ಕಾರಣ ಎಂಜಿನ್ ಕಡೆಯದು, ಉದಾಹರಣೆಗೆ ಸೈಲೆನ್ಸರ್ ಮ್ಯಾನಿಫೋಲ್ಡಿನ ಸೋರಿಕೆಯ ಟಿಕ್‌ಟಿಕ್. ಒಂದೇ ಬೆಲ್ಟಿನಲ್ಲಿ ಎಲ್ಲವೂ ಇದ್ದರೆ ಎಚ್ಚರ. ವಾಟರ್ ಪಂಪ್ ಕೂಡ ನಿಲ್ಲುವುದರಿಂದ ತಣ್ಣನೆಯ ಎಂಜಿನ್ನನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಅಂಥ ಕಾರಿನಲ್ಲಿ ಸದ್ದು ನಿಂತರೆ ತಪ್ಪು ಸೂಪರ್‌ಚಾರ್ಜರಿನದ್ದೇ ಎನ್ನಲಾಗದು. ಆಲ್ಟರ್ನೇಟರ್, ವಾಟರ್ ಪಂಪ್, ಐಡ್ಲರ್ ಎಲ್ಲವೂ ಜೊತೆಗೇ ನಿಂತಿರುತ್ತವೆ. ಈ ಪರೀಕ್ಷೆಗಳನ್ನು ಮುಚ್ಚಿದ ಗ್ಯಾರೇಜಿನಲ್ಲಿ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ಕಳಿಸುವುದು ಒಳ್ಳೆಯದೇ, ಆದರೆ ವಾಯ್ಸ್ ಮೆಸೇಜ್ ಬೇಡ. ಮನುಷ್ಯರ ಮಾತಿಗೆಂದು ಕುಗ್ಗಿಸಿದ ಆಡಿಯೊದಲ್ಲಿ ಬೇಕಾದ ವಿವರವೇ ಕಳೆದುಹೋಗುತ್ತದೆ. ಆರ್‌ಪಿಎಂ ಮೀಟರ್ ಕಾಣುವಂತೆ ವಿಡಿಯೊ ಮಾಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಒಂದು. ಮೈಕ್ ತಾನಾಗಿ ಮಟ್ಟ ಹೊಂದಿಸಿಕೊಳ್ಳುವುದರಿಂದ ಸದ್ದು ಎಷ್ಟು ಜೋರು ಎಂಬುದು ವಿಡಿಯೊದಲ್ಲಿ ತಿಳಿಯದು, ಶ್ರುತಿ ಮಾತ್ರ ಸರಿಯಾಗಿ ಉಳಿಯುತ್ತದೆ.

'ಎಲೆಕ್ಟ್ರಿಕ್ ಸೂಪರ್‌ಚಾರ್ಜರ್' ಹಾಕಿಸಿದರೆ ಸದ್ದೇ ಇಲ್ಲವಂತೆ, ನಿಜವೇ?

ಒಂದೆರಡು ಸಾವಿರಕ್ಕೆ ಸಿಗುವ, ಗಾಳಿಯ ಪೈಪಿಗೆ ಸಿಕ್ಕಿಸುವ 12 ವೋಲ್ಟ್ ಫ್ಯಾನ್ ಬಗ್ಗೆ ಈ ಮಾತು. ಎರಡು ಲೀಟರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 100 ಲೀಟರ್ ಗಾಳಿ ಎಳೆಯುತ್ತದೆ. ಅದಕ್ಕೆ ಅರ್ಧ ಬಾರ್ ಬೂಸ್ಟ್ ಕೊಡಲು ಸುಮಾರು 10 ಕಿಲೋವ್ಯಾಟ್ ಬೇಕು. 12 ವೋಲ್ಟಿನಲ್ಲಿ ಅದು 800 ಆಂಪಿಯರ್‌ಗೂ ಮೀರಿದ ಕರೆಂಟ್. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ 10–20 ಆಂಪಿಯರಿನದ್ದು. ಉಳಿದದ್ದು ನಿಮಗೇ ಗೊತ್ತಾಯಿತು. ನಿಜವಾದ ಎಲೆಕ್ಟ್ರಿಕ್ ಕಂಪ್ರೆಸರ್ ಇಲ್ಲವೆಂದಲ್ಲ. 2016ರ ಆಡಿ ಎಸ್‌ಕ್ಯೂ7ನಲ್ಲಿ ಅದು ಬಂತು, 7 ಕಿಲೋವ್ಯಾಟ್ ಮೋಟಾರ್, ಅದಕ್ಕೆಂದೇ 48 ವೋಲ್ಟಿನ ಪ್ರತ್ಯೇಕ ವ್ಯವಸ್ಥೆ. ಅದೂ ಟರ್ಬೊಗಳಿಗೆ ಸಹಾಯಕನಾಗಿ ಮಾತ್ರ.

ನಮ್ಮಲ್ಲಿ ಕಿಟ್ ಹಾಕಿಸಬಹುದೇ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಬದಲಾವಣೆಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದೆ ಹಾಕಿಸಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೂ ಎಲ್ಲ ಕಡೆ ಬಿಡುವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಿಟ್ಟಿಗೆ ಅಲ್ಲಿನ ವಾಯು ಮಂಡಳಿ ಕೊಟ್ಟ ಅನುಮತಿ ಸಂಖ್ಯೆ ಇರಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಾನೆಟ್ ಎತ್ತಿದಾಗ ಆ ಸ್ಟಿಕ್ಕರ್ ಇದೆಯೇ ಎಂದು ನೋಡಿ, ಆಮೇಲೆ ಸದ್ದಿಗೆ ಕಿವಿ ಕೊಡಿ.